ಆರಲ್ಲ, ಏಳು

ಪ್ರಶ್ನೆ: ಬೆಂಗಳೂರಲ್ಲಿರುವ ನನ್ನ ತಮ್ಮ ತನ್ನ ಒಂಬತ್ತು ವರ್ಷದ ಮಗಳನ್ನು ಗಾಲ್ಫ್ ಕಲಿಯಲು ಹಾಕಿದ್ದಾನೆ. ಕೇಳಿದರೆ ‘ಬದುಕಿಗೆ ಬೇಕಾದ ಪಾಠ ಅಲ್ಲಿ ಸಿಗುತ್ತೆ’ ಅನ್ನುತ್ತಾನೆ. ದುಡ್ಡಿದ್ದವರ ಆಟದಲ್ಲಿ ಎಂಥ ಪಾಠ ಸಾರ್? ನಮ್ಮ ಮಕ್ಕಳಿಗೆ ಕ್ರಿಕೆಟ್ ಸಾಲದೇ? ಮೇ ತಿಂಗಳಲ್ಲಿ ಅವರೆಲ್ಲ ಊರಿಗೆ ಬರುತ್ತಾರೆ. ತಮ್ಮನಿಗೆ ಏನು ಹೇಳಲಿ?
– ಓದುಗರೊಬ್ಬರು, ಸಿರುಗುಪ್ಪ

ಉತ್ತರ: ನಿಮ್ಮ ಸಿಟ್ಟಿನಲ್ಲಿ ಅರ್ಥ ಇದೆ, ಇಲ್ಲ ಅನ್ನುವುದಿಲ್ಲ. ಗಾಲ್ಫಿಗೆ ದುಡ್ಡು ಬೇಕು, ಎಕರೆಗಟ್ಟಲೆ ಹುಲ್ಲು ಬೇಕು, ಆ ಹುಲ್ಲಿಗೆ ನೀರು ಬೇಕು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ನದಿಗೆ ಹರಿದುಹೋಗುವ ನೀರು ನೋಡಿ ಕಣ್ಣೀರು ಹಾಕಿದ ಜನ ನಾವು. ಆಟಕ್ಕೋಸ್ಕರ ಹುಲ್ಲಿಗೆ ನೀರು ಬಿಡಿ ಅಂತ ನಮ್ಮ ಕಡೆ ಯಾರೂ ಕೇಳಲಾರರು. ಆದರೆ ತಮ್ಮನ ಜೊತೆ ಜಗಳಕ್ಕೆ ಹೋಗಬೇಡಿ. ಅವರು ಹೇಳಿದ್ದು ಸುಮ್ನೆ ಮಾತಲ್ಲ.

ಕೆಲವು ವರ್ಷದ ಹಿಂದೆ ಬೆಂಗಳೂರಿನ ಒಂದು ಗಾಲ್ಫ್ ಮೈದಾನದ ಅಂಚಿನಲ್ಲಿ ಒಂದು ಬೆಳಗ್ಗೆ ನಿಂತಿದ್ದೆ. ಹತ್ತು ವರ್ಷದ ಒಬ್ಬ ಹುಡುಗಿಯ ಚೆಂಡು ಮರದ ಹಿಂದಿನ ಎತ್ತರದ ಹುಲ್ಲಿಗೆ ಹೋಗಿ ಬಿತ್ತು. ಜೊತೆಯ ಮಕ್ಕಳು ಆಗಲೇ ಮುಂದೆ ನಡೆದಿದ್ದರು. ಆಕೆ ಕೋಲು ಬೀಸಿದಳು, ಚೆಂಡು ತಾಗಲಿಲ್ಲ. ಒಂದಿಷ್ಟು ಹುಲ್ಲು ಮಾತ್ರ ಹಾರಿತು. ಇನ್ನೊಮ್ಮೆ ಬೀಸಿದಳು, ಚೆಂಡು ಹೊರಗೆ ಬಂತು. ಚೆಂಡು ಕುಳಿಗೆ ಬಿದ್ದ ಮೇಲೆ ಹೊಡೆತದ ಲೆಕ್ಕ ಬರೆಯುವ ಹುಡುಗ ‘ಆರು’ ಅಂದ. ಈ ಆಟದಲ್ಲಿ ಹೊಡೆತ ಕಡಿಮೆ ಆದಷ್ಟೂ ಒಳ್ಳೆಯದು. ಈಕೆ ಬೂಟಿನ ತುದಿ ನೋಡುತ್ತಾ ‘ಆರಲ್ಲ, ಏಳು’ ಅಂದಳು. ಗಾಲ್ಫಿನಲ್ಲಿ ಚೆಂಡು ಹೊಡೆಯಬೇಕು ಅಂತ ಬೀಸಿದರೆ ಸಾಕು, ತಾಗದಿದ್ದರೂ ಅದು ಒಂದು ಹೊಡೆತವೇ. ಮರದ ಹಿಂದೆ ಆದದ್ದನ್ನು ಕಂಡವಳು ಆಕೆ ಒಬ್ಬಳೇ. ಅವತ್ತಿನಿಂದ ಈ ಆಟದ ಬಗ್ಗೆ ನನ್ನ ಮನಸ್ಸು ಬದಲಾಯಿತು.

ಅಲ್ಲಿ ಸಾಮಾನ್ಯವಾಗಿ ಪ್ರತಿ ಗುಂಪಿನ ಹಿಂದೆ ಅಂಪೈರ್ ನಡೆಯುವುದಿಲ್ಲ. ತಪ್ಪಾದರೆ ಆಟಗಾರನೇ ಹೇಳಬೇಕು. 1925ರ ಅಮೆರಿಕ ಓಪನ್ ಗಾಲ್ಫ್ ಪಂದ್ಯಾವಳಿಯಲ್ಲಿ ಬಾಬಿ ಜೋನ್ಸ್ ಅನ್ನುವ ಆಟಗಾರ ಹೊಡೆಯಲು ಕೋಲು ಇಡುವಾಗ ಚೆಂಡು ಅಲುಗಿತು. ಬೇರೆ ಯಾರಿಗೂ ಕಾಣಲಿಲ್ಲ. ಆದರೂ ತಾನೇ ಮುಂದೆ ಬಂದು ಒಂದು ಹೊಡೆತದ ದಂಡ ಹಾಕಿಸಿಕೊಂಡ. ಕೊನೆಗೆ ಅವನದೂ ಇನ್ನೊಬ್ಬ ಆಟಗಾರನದೂ ಲೆಕ್ಕ ಸರಿಸಮ ಆಗಿ, ಮರು ಆಟದಲ್ಲಿ ಸೋತ. ಆ ಒಂದು ಹೊಡೆತ ಹೇಳದೆ ಇದ್ದಿದ್ದರೆ ಕಪ್ ಅವನದೇ.

ಒಂದು ಹೊಡೆತ ಅಂದರೆ ಎಷ್ಟು ದೊಡ್ಡದು ಗೊತ್ತಾ? ನಮ್ಮ ಬೆಂಗಳೂರಿನ ಅದಿತಿ ಅಶೋಕ್‌ಗೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕಂಚು ತಪ್ಪಿದ್ದು ಒಂದೇ ಹೊಡೆತಕ್ಕೆ. ನಾಲ್ಕು ದಿನದ ಆಟ, ನಾಲ್ಕನೇ ಸ್ಥಾನ. ಗಾಲ್ಫ್ ಕೋಲಿನ ಚೀಲ ಹೊತ್ತು ಪಕ್ಕದಲ್ಲಿ ನಡೆದವರು ಅವರ ತಾಯಿ. ಇನ್ನು ‘ದುಡ್ಡಿದ್ದವರ ಆಟ’ ಅನ್ನುವ ನಿಮ್ಮ ಮಾತಿಗೆ ಬಿಡದಿ ಪಕ್ಕದ ಹಳ್ಳಿಯ ಚಿಕ್ಕರಂಗಪ್ಪ ಅವರ ಹೆಸರು ಹೇಳಿ ಮುಂದೆ ಹೋಗುತ್ತೇನೆ. ಊರ ಹತ್ತಿರವೇ ಇದ್ದ ಗಾಲ್ಫ್ ಮೈದಾನದಿಂದ ಮೇಲೆ ಬಂದ ಆಟಗಾರ ಅವರು.

ಕ್ರಿಕೆಟ್ ಒಳ್ಳೆಯ ಆಟವೇ. ಆದರೆ ಬ್ಯಾಟಿಗೆ ಚೆಂಡು ಸವರಿದ್ದು ಗೊತ್ತಿದ್ದೂ ಅಂಪೈರ್ ಬೆರಳು ಎತ್ತುವ ತನಕ ನಿಂತುಕೊಳ್ಳುವುದನ್ನು ನಮ್ಮ ಮಕ್ಕಳು ಟಿವಿ ನೋಡಿಯೇ ಕಲಿತಿದ್ದಾರೆ. ಸಿಕ್ಕಿಬೀಳದಿದ್ದರೆ ಔಟಲ್ಲ ಅನ್ನುವುದು ಅಲ್ಲಿಂದ ಮನಸ್ಸಿಗೆ ಇಳಿಯುತ್ತದೆ.

ಹಾಗಂತ ಗಾಲ್ಫೇ ಬೇಕು ಅಂತಲ್ಲ ನನ್ನ ಮಾತು. ಈ ಪಾಠ ನಮ್ಮ ಓಣಿಯಲ್ಲೇ ಇತ್ತು. ನೀವು ಚಿಣ್ಣಿದಾಂಡು ಆಡಿದವರೇ ಅಲ್ವಾ? ಲಿಂಗಸುಗೂರು ಹತ್ತಿರದ ನಮ್ಮೂರಲ್ಲಿ ಹನುಮಪ್ಪನ ಗುಡಿ ಮುಂದಿನ ಬಯಲಲ್ಲಿ ಆಡುತ್ತಿದ್ದೆವು. ಚಿಣ್ಣಿ ಬಿದ್ದ ಜಾಗ ನೋಡಿ, ಕುಳಿಯಿಂದ ಎಷ್ಟು ದಾಂಡು ದೂರ ಅಂತ ಹೊಡೆದವನೇ ಹೇಳಬೇಕು. ಎದುರಿನವರು ಒಪ್ಪಿದರೆ ಆಯಿತು. ಅನುಮಾನ ಬಂದರೆ ಅಳೆಯುತ್ತಾರೆ, ಕಡಿಮೆ ಬಂದರೆ ಹೊಡೆದವನು ಔಟು. ಒಂದು ಸಂಜೆ ನಾನು ನಲವತ್ತು ಅಂದೆ. ಅಷ್ಟಿಲ್ಲ ಅಂತ ನನಗೆ ಗೊತ್ತಿತ್ತು. ಎದುರಿನ ಗುಂಪಿನ ಹುಡುಗನೊಬ್ಬ ಮಾತಾಡದೆ ಮಂಡಿಯೂರಿ ದಾಂಡು ಮಗುಚುತ್ತಾ ಬಂದ. ಧೂಳಿನಲ್ಲಿ ದಾಂಡಿನ ತುದಿಯ ಗುರುತು ಒಂದರ ಹಿಂದೆ ಒಂದು ಬಿದ್ದವು. ಮೂವತ್ತಾರಕ್ಕೆ ಚಿಣ್ಣಿ ಸಿಕ್ಕಿತು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಆದರೆ ಆಮೇಲೆ ಎಷ್ಟೋ ದಿನ ನಾನು ಹತ್ತು ಅಂದರೂ ಅಳೆದೇ ನೋಡುತ್ತಿದ್ದರು. ಐವತ್ತು ವರ್ಷ ಆಯಿತು, ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಅಲ್ಲಿ ದೊಡ್ಡವರು ಒಬ್ಬರೂ ಇರಲಿಲ್ಲ ಅನ್ನುವುದನ್ನು ಗಮನಿಸಿ. ಈಗ ಮಗು ಆಡುವಲ್ಲಿ ಸೀಟಿ ಹಿಡಿದವರು ಒಬ್ಬರು, ಮೊಬೈಲ್ ಹಿಡಿದವರು ನಾಲ್ಕು ಜನ. ಬಯಲು ಇದ್ದಲ್ಲಿ ಲೇಔಟು ಎದ್ದಿದೆ. ಶಾಲೆ ಮೈದಾನದಲ್ಲಿ ಮದುವೆಯ ಶಾಮಿಯಾನ. ಸಂಜೆ ಐದಕ್ಕೆ ಟ್ಯೂಷನ್. ಮಕ್ಕಳು ತಮ್ಮ ತಮ್ಮಲ್ಲೇ ಜಗಳ ಆಡಿ, ಲೆಕ್ಕ ಮಾಡಿ, ಒಪ್ಪಿಕೊಂಡು ಮನೆಗೆ ಬರುವ ಹೊತ್ತನ್ನೇ ನಾವು ಕಿತ್ತುಕೊಂಡಿದ್ದೇವೆ.

ಅದರ ಫಲ ಎಲ್ಲಿ ಕಾಣುತ್ತದೆ ಹೇಳಲಾ? 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕ ಜಾಸ್ತಿ ಮಾಡಿದ ಮೇಲೆ. ಅದಕ್ಕೂ ಮುಂಚೆ ನಮ್ಮ ಭಾಗದ ಒಂದು ಪರೀಕ್ಷಾ ಕೇಂದ್ರದ ಕಾಂಪೌಂಡ್ ಹೊರಗೆ ನಿಂತು ನೋಡಿದ್ದೇನೆ. ಕಿಟಕಿಗೆ ಚೀಟಿ ಎಸೆಯುತ್ತಿದ್ದವರು ಅಣ್ಣಂದಿರು, ಮಾವಂದಿರು. ಒಬ್ಬ ಅಪ್ಪ ಮಗನ ಹೆಸರು ಕೂಗಿ ‘ಎರಡನೇ ಚೀಟಿ ತಗೋ’ ಅನ್ನುತ್ತಿದ್ದ. ಆ ಹುಡುಗನಿಗೆ ಮುಂದೆ ಯಾರು ಹೇಳಿಕೊಡಬೇಕು, ತನ್ನ ಲೆಕ್ಕ ತಾನೇ ಸರಿಯಾಗಿ ಹೇಳಬೇಕು ಅಂತ? ಕ್ಯಾಮೆರಾ ಇಟ್ಟದ್ದು ಸರಿಯೇ. ಆದರೆ ಮಕ್ಕಳನ್ನು ಕಾಯಲು ಕ್ಯಾಮೆರಾ ಬೇಕಾಯಿತಲ್ಲ ಅಂತ ನನಗೆ ರಾತ್ರಿ ನಿದ್ದೆ ಬರುವುದಿಲ್ಲ.

ತಮ್ಮನಿಗೆ ಏನೂ ಹೇಳಬೇಡಿ, ಮಗಳನ್ನು ಗಾಲ್ಫ್ ಬಿಡಿಸು ಅಂತಂತೂ ಬೇಡವೇ ಬೇಡ. ಅವರು ಬರುವ ಮುಂಚೆ ಒಂದು ಬೇವಿನ ಕೊಂಬೆ ಕಡಿದು ದಾಂಡು ಕೆತ್ತಿಸಿ ಇಡಿ. ಚಿಣ್ಣಿಯ ಎರಡೂ ತುದಿ ಚೂಪಾಗಿರಲಿ. ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ, ಆರೂವರೆಗೇ ಹುಡುಗರನ್ನೆಲ್ಲ ಎಬ್ಬಿಸಿ ಬಯಲಿಗೆ ಕಳಿಸಿ. ತಮ್ಮನ ಮಗಳಿಗೆ ಮೊದಲ ಹೊಡೆತದ ಸರದಿ ಕೊಡಲಿ. ನೀವು ಮತ್ತು ನಿಮ್ಮ ತಮ್ಮ ಮನೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತಾ ಕೂತಿರಿ. ಬಯಲಿಂದ ಎಷ್ಟೇ ಗಲಾಟೆ ಕೇಳಿದರೂ ಎದ್ದು ಹೋಗಬೇಡಿ.