ಕನ್ನಡ ಬಾರದ ಟೀಚರ್ ಬಂದರೆ ಮಗಳಿಗೆ ಟಿ.ಸಿ. ತೆಗೆಯಬೇಕಾ?

ಭಾಷಾ ಅಲ್ಪಸಂಖ್ಯಾತರ ಹಕ್ಕಿನ ಬಗ್ಗೆ ಬರುವ ಪತ್ರಗಳಿಗೆ ಸಾಮಾನ್ಯವಾಗಿ ಒಬ್ಬೊಬ್ಬರಿಗೇ ಉತ್ತರ ಬರೆಯುತ್ತೇನೆ. ಆದರೆ ಶಾಲೆ ಶುರುವಾಯಿತೆಂದರೆ ಅದೇ ಪ್ರಶ್ನೆ, ಅದೇ ತಪ್ಪು ತಿಳಿವಳಿಕೆ, ಅದೇ ವಾಟ್ಸಾಪ್ ಸಲಹೆ. ವಕೀಲನಾಗಿ ಇದನ್ನೆಲ್ಲ ಹೇಳಿ ಹೇಳಿ ಸಾಕಾಗಿದೆ. ಹಾಗಾಗಿ ಈ ಸಲ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಕತೆ ನಿಮಗೆಲ್ಲ ಗೊತ್ತಿರುವುದೇ. ಅದನ್ನು ಮತ್ತೆ ಹೇಳುವುದಿಲ್ಲ.

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನವರು. ಮಗಳು ಸರಕಾರಿ ಶಾಲೆಯಲ್ಲಿ ಎಂಟನೇ ಕ್ಲಾಸ್, ಕನ್ನಡ ಮಾಧ್ಯಮ. ಈ ವರ್ಷ ಸಮಾಜ ವಿಜ್ಞಾನಕ್ಕೆ ಬಂದ ಟೀಚರಿಗೆ ಕನ್ನಡ ಓದಲು ಬರುವುದಿಲ್ಲ. ಪಾಠವೆಲ್ಲ ಮಲಯಾಳದಲ್ಲೇ. ಹೆಡ್‌ಮಾಷ್ಟ್ರು "ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ" ಅನ್ನುತ್ತಾರೆ. ನೆಂಟರು "ಟಿ.ಸಿ. ತೆಗೆದು ಇಂಗ್ಲಿಷ್ ಮೀಡಿಯಂಗೆ ಹಾಕಿ" ಅನ್ನುತ್ತಾರೆ. ಏನು ಮಾಡುವುದು?

ಮೊದಲ ಮಾತು: ಟಿ.ಸಿ. ತೆಗೆಯಬೇಡಿ. ಕಡೇಪಕ್ಷ ಈ ಕಾರಣಕ್ಕೆ ತೆಗೆಯಬೇಡಿ.

ಕೇರಳದಲ್ಲಿ ಶಾಲೆ ತೆರೆದ ಆರನೇ ಕೆಲಸದ ದಿನ ಮಕ್ಕಳ ಲೆಕ್ಕ ತೆಗೆಯುತ್ತಾರೆ. ಎಷ್ಟು ಡಿವಿಷನ್ (ತರಗತಿಯ ವಿಭಾಗ), ಎಷ್ಟು ಹುದ್ದೆ ಎಂದು ತೀರ್ಮಾನವಾಗುವುದು ಆ ಲೆಕ್ಕದ ಮೇಲೆ. ಕನ್ನಡ ಮಾಧ್ಯಮದಲ್ಲಿ ನಾಲ್ಕು ಮಕ್ಕಳು ಕಡಿಮೆಯಾದರೂ ಡಿವಿಷನ್ ಹೋಗಬಹುದು. ಡಿವಿಷನ್ ಹೋದರೆ ಹುದ್ದೆ ಹೋಯಿತು. ಹುದ್ದೆ ಹೋದ ಮೇಲೆ ಕನ್ನಡ ಬಲ್ಲ ಟೀಚರನ್ನು ಕೊಡಿ ಎಂದು ಯಾರನ್ನು ಕೇಳುತ್ತೀರಿ? ಅಧಿಕಾರಿ ರಿಜಿಸ್ಟರ್ ತೋರಿಸಿ "ಮಕ್ಕಳೇ ಇಲ್ವಲ್ಲ" ಅಂದರೆ ಆಮೇಲೆ ವಾದಕ್ಕೆ ಏನೂ ಉಳಿಯುವುದಿಲ್ಲ.

ಈ ಸಂಖ್ಯೆಯ ವಿಚಾರ ಹಳೆಯದು. ಒಂದು ತರಗತಿಯಲ್ಲಿ 10 ಮಕ್ಕಳು, ಇಲ್ಲವೇ ಇಡೀ ಪ್ರಾಥಮಿಕ ಶಾಲೆಯಲ್ಲಿ 40 ಮಕ್ಕಳು ಒಂದು ಅಲ್ಪಸಂಖ್ಯಾತ ಭಾಷೆಯವರಿದ್ದರೆ ಆ ಭಾಷೆಯಲ್ಲಿ ಕಲಿಸಲು ಏರ್ಪಾಟು ಮಾಡಬೇಕು. 1949ರಲ್ಲಿ ಪ್ರಾಂತಗಳ ಶಿಕ್ಷಣ ಸಚಿವರು ಒಪ್ಪಿದ ಸೂತ್ರ ಇದು. 1956ರಲ್ಲಿ ಕೇಂದ್ರ ಸರಕಾರ ಭಾಷಾ ಅಲ್ಪಸಂಖ್ಯಾತರಿಗೆ ಕೊಟ್ಟ ಭರವಸೆಗಳಲ್ಲೂ ಇದು ಸೇರಿದೆ. ಹೈಸ್ಕೂಲಿಗೆ ಲೆಕ್ಕ ಬೇರೆ. ಕೊನೆಯ ನಾಲ್ಕು ತರಗತಿ ಸೇರಿ 60 ಮಕ್ಕಳು, ಒಂದೊಂದರಲ್ಲಿ 15. ನಿಮ್ಮ ಮಗಳು ಆ 15ರಲ್ಲಿ ಒಬ್ಬಳು. ಅವಳ ಹೆಸರು ರಿಜಿಸ್ಟರಿನಲ್ಲಿ ಇರುವುದರಿಂದ ಉಳಿದವರಿಗೂ ಬಲ.

ಇನ್ನು "ಅಡ್ಜಸ್ಟ್" ಮಾತಿಗೆ ಬರುತ್ತೇನೆ. ಇಂಥ ಒಂದು ತರಗತಿಯ ಹೊರಗೆ ನಿಂತು ನಾನು ನೋಡಿದ್ದೇನೆ. ಟೀಚರ್ ಒಬ್ಬ ಹುಡುಗಿಯನ್ನು ನಿಲ್ಲಿಸಿ ಕನ್ನಡ ಪುಸ್ತಕದಿಂದ ಪಾಠ ಓದಿಸಿದರು. ಅವಳು ಓದುತ್ತಾ ಹೋದಳು. ಟೀಚರ್ ಮಲಯಾಳ ಪುಸ್ತಕದಲ್ಲಿ ಅದೇ ಪುಟದ ಮೇಲೆ ಬೆರಳಿಟ್ಟುಕೊಂಡಿದ್ದರು. ಓದು ಮುಗಿಯಿತು, ಪಾಠವೂ ಮುಗಿಯಿತು. "ಡೌಟ್ ಉಂಡೋ?" ಅಂದರು. ಯಾರೂ ಬಾಯಿ ಬಿಡಲಿಲ್ಲ. ಮಲಯಾಳ ಮಾತು ಆ ಮಕ್ಕಳಿಗೆ ಅರ್ಥವಾಗುತ್ತದೆ, ಅಂಗಡಿಯಲ್ಲಿ ಬಸ್ಸಿನಲ್ಲಿ ಕೇಳಿ ಬೆಳೆದವರು. ಆದರೆ ಕನ್ನಡದಲ್ಲಿ ಬಂದ ಸಂಶಯವನ್ನು ಕನ್ನಡದಲ್ಲಿ ಕೇಳುವ ಹಾಗಿಲ್ಲ. ಪರೀಕ್ಷೆಯಲ್ಲಿ ಅವರು ಕನ್ನಡದಲ್ಲಿ ಬರೆದ ಉತ್ತರ ಸರಿಯೋ ತಪ್ಪೋ ಎಂದು ಆ ಟೀಚರಿಗೆ ಓದಿ ಹೇಳಲೂ ಆಗುವುದಿಲ್ಲ. ಇದಕ್ಕೆ ಅಡ್ಜಸ್ಟ್ ಮಾಡಿಕೊಳ್ಳಿ ಎಂದು ಮಕ್ಕಳಿಗೆ ಹೇಳುವುದು ತಾರತಮ್ಯವೇ. ಅದೇ ಶಾಲೆಯ ಮಲಯಾಳ ಡಿವಿಷನ್ನಿಗೆ ಮಲಯಾಳ ಓದಲು ಬಾರದ ಟೀಚರನ್ನು ಯಾರಾದರೂ ಕಳಿಸುತ್ತಾರಾ?

ಇದು ಹೇಗೆ ಆಗುತ್ತದೆ ಎಂದು ತಿಳಿದುಕೊಳ್ಳಿ, ಆಗ ಎಲ್ಲಿ ಹಿಡಿಯಬೇಕು ಎಂದು ಗೊತ್ತಾಗುತ್ತದೆ. ಕೇರಳ ಲೋಕಸೇವಾ ಆಯೋಗ (ಪಿ.ಎಸ್.ಸಿ.) ಕನ್ನಡ ಮಾಧ್ಯಮದ ಹುದ್ದೆಗಳನ್ನು ಬೇರೆಯಾಗಿಯೇ ಕರೆಯುತ್ತದೆ. ಸಮಸ್ಯೆ ಇರುವುದು ಅಭ್ಯರ್ಥಿಗೆ ಕನ್ನಡ ಬರುತ್ತದೆ ಎಂದು ತೀರ್ಮಾನಿಸುವ ಹಂತದಲ್ಲಿ. ಎಲ್ಲೋ ಒಂದು ಸರ್ಟಿಫಿಕೇಟ್ ಇದ್ದರೆ ಸಾಕು ಎಂದಾಗ ಹೀಗಾಗುತ್ತದೆ. ಗಲಾಟೆಯಾದ ಮೇಲೆ "ಟೀಚರನ್ನು ಮೈಸೂರಿಗೆ ಕನ್ನಡ ಕಲಿಯಲು ಕಳಿಸುತ್ತೇವೆ" ಎಂಬ ಮಾತು ಬರುತ್ತದೆ. ಮೈಸೂರಿನ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರದ ಹತ್ತು ತಿಂಗಳ ಕೋರ್ಸ್ ಒಳ್ಳೆಯದೇ. ಅಲ್ಲಿ ಕಲಿತು ಬಂದವರು ಚೆನ್ನಾಗಿ ಮಾತಾಡುತ್ತಾರೆ. ಆದರೆ ಹೈಸ್ಕೂಲಿನ ಮಕ್ಕಳಿಗೆ ಸಂವಿಧಾನವನ್ನೋ ಬೀಜಗಣಿತವನ್ನೋ ಬಿಡಿಸಿ ಹೇಳಲು ಅಷ್ಟು ಸಾಲದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆ ಹತ್ತು ತಿಂಗಳು ನಿಮ್ಮ ಮಗಳಿಗೆ ಪಾಠ ಮಾಡುವವರು ಯಾರು ಎಂಬುದಕ್ಕೂ ಉತ್ತರ ಬೇಕಲ್ವಾ?

ಈಗ ಕೆಲಸದ ಮಾತು. ಶಾಲೆಯ ಪಿ.ಟಿ.ಎ. (ಪೋಷಕರು ಮತ್ತು ಶಿಕ್ಷಕರ ಸಂಘ) ಸಭೆ ಕರೆಸಿ, ನಿರ್ಣಯ ಬರೆಸಿ, ತಂದೆತಾಯಂದಿರ ಸಹಿ ಹಾಕಿಸಿ. ಬಾಯಿಮಾತಿನ ದೂರು ಯಾವ ಫೈಲಿಗೂ ಹೋಗುವುದಿಲ್ಲ. ಎಂಟನೇ ಕ್ಲಾಸ್ ಆದ್ದರಿಂದ ಅರ್ಜಿ ಡಿ.ಇ.ಓ. (ಜಿಲ್ಲಾ ಶಿಕ್ಷಣಾಧಿಕಾರಿ) ಕಚೇರಿಗೆ, ಒಂದು ಪ್ರತಿ ಡಿ.ಡಿ.ಇ.ಗೆ (ಶಿಕ್ಷಣ ಉಪನಿರ್ದೇಶಕರಿಗೆ), ಇನ್ನೊಂದು ಕಲೆಕ್ಟರಿಗೆ. ಅರ್ಜಿಯಲ್ಲಿ ಟೀಚರನ್ನು ಬೈಯಬೇಡಿ. ಯಾವ ದಿನದಿಂದ, ಯಾವ ವಿಷಯ, ಎಷ್ಟು ಪಾಠ ಆಗಿದೆ, ಮಕ್ಕಳ ನೋಟ್‌ಬುಕ್ಕಿನಲ್ಲಿ ಏನಿದೆ, ಇಷ್ಟೇ ಬರೆಯಿರಿ. ನೋಟ್‌ಬುಕ್ಕಿನ ಎರಡು ಪುಟದ ಜೆರಾಕ್ಸ್ ಇಟ್ಟರೆ ನಿಮ್ಮ ಹತ್ತು ಪುಟದ ಭಾಷಣಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ.

ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ಸಂವಿಧಾನದ 350ನೇ ವಿಧಿ ಆ ಹಕ್ಕು ಕೊಟ್ಟಿದೆ. ಕೇರಳದ ಅಧಿಕೃತ ಭಾಷಾ ಕಾಯ್ದೆಯೂ ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆ ಕನ್ನಡದವರು ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎನ್ನುತ್ತದೆ. "ಮಲಯಾಳದಲ್ಲಿ ಬರೆದು ತನ್ನಿ" ಎಂದು ಕೌಂಟರಿನಲ್ಲಿ ಹೇಳಿದರೆ ಹಿಂದೆ ಬರಬೇಡಿ. ಸ್ವೀಕೃತಿ ರಸೀದಿ ಕೇಳಿ. ಕೊಡದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ.

ಜೊತೆಗೆ ಹತ್ತು ರೂಪಾಯಿ ಶುಲ್ಕದ ಆರ್.ಟಿ.ಐ. ಹಾಕಿ. ಈ ಹುದ್ದೆ ಕನ್ನಡ ಮಾಧ್ಯಮದ್ದೋ ಅಲ್ಲವೋ, ನೇಮಕದ ಆದೇಶದ ಪ್ರತಿ ಕೊಡಿ, ಕನ್ನಡ ಬಲ್ಲರೆಂದು ತೀರ್ಮಾನಿಸಿದ ದಾಖಲೆ ಕೊಡಿ ಎಂದು ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಮುಂದೆ ಹೈಕೋರ್ಟಿಗೆ ಹೋಗುವುದಾದರೆ ನಿಮ್ಮ ವಕೀಲರು ಮೊದಲು ಕೇಳುವುದೇ ಈ ಕಾಗದ.

ಕಾನೂನಿನ ನೆಲೆ ಯಾವುದು? ಎಲ್ಲರೂ 350ಎ ವಿಧಿಯನ್ನು ಬರೆಯುತ್ತಾರೆ. ಅದು ಪ್ರಾಥಮಿಕ ಹಂತದ ಮಕ್ಕಳಿಗೆ. ನಿಮ್ಮ ಮಗಳು ಎಂಟನೆಯವಳು, ಅದೊಂದನ್ನೇ ನಂಬಿದರೆ ಕೈಕೊಡುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ತರಗತಿಯವರೆಗೂ ಇದೆ. ಅದರ 29ನೇ ಸೆಕ್ಷನ್ ಕಲಿಕೆಯ ಮಾಧ್ಯಮ ಸಾಧ್ಯವಿದ್ದಷ್ಟು ಮಗುವಿನ ಮಾತೃಭಾಷೆಯಲ್ಲೇ ಇರಬೇಕು ಎನ್ನುತ್ತದೆ. ಈ ಕಾಯ್ದೆ ಪಾಲನೆಯಾಗುತ್ತಿದೆಯೇ ಎಂದು ನೋಡುವುದು ರಾಜ್ಯದ ಮಕ್ಕಳ ಹಕ್ಕುಗಳ ಆಯೋಗದ ಕೆಲಸ. ಅಲ್ಲಿಗೂ ದೂರು ಕೊಡಿ. ಜನ ಈ ಬಾಗಿಲನ್ನೇ ಮರೆಯುತ್ತಾರೆ.

ದೆಹಲಿಯಲ್ಲಿ ಭಾಷಾ ಅಲ್ಪಸಂಖ್ಯಾತರ ಆಯುಕ್ತರು ಇದ್ದಾರೆ, 350ಬಿ ವಿಧಿಯ ಪ್ರಕಾರ. ಅವರಿಗೂ ಬರೆಯಿರಿ. ಆದರೆ ಅವರು ವರದಿ ಕೊಡಬಲ್ಲರು, ಆದೇಶ ಕೊಡಲಾರರು. ಅವರ ವರದಿ ರಾಷ್ಟ್ರಪತಿಗೆ ಹೋಗಿ ಸಂಸತ್ತಿನ ಮುಂದೆ ಬರುವಷ್ಟರಲ್ಲಿ ನಿಮ್ಮ ಮಗಳು ಕಾಲೇಜಿನಲ್ಲಿರುತ್ತಾಳೆ.

ಕೊನೆಗೆ ಒಂದು ಎಚ್ಚರಿಕೆ. ಟೀಚರ್ ಬರುವಾಗ ಗೇಟಿನಲ್ಲಿ ನಿಂತು ಕೂಗುವುದು, ಪಾಠದ ವೀಡಿಯೊ ಮಾಡಿ ವಾಟ್ಸಾಪಿಗೆ ಬಿಡುವುದು, ಇದನ್ನು ಯಾರು ಹೇಳಿಕೊಟ್ಟರೂ ಮಾಡಬೇಡಿ. ಆ ಟೀಚರ್ ಪರೀಕ್ಷೆ ಬರೆದು ಕೆಲಸಕ್ಕೆ ಬಂದವರು. ತಪ್ಪು ಕಳಿಸಿದವರದ್ದು. ಹೀಗೆ ಮಾಡಿದಲ್ಲಿ ಮೂಲ ದೂರು ಬದಿಗೆ ಹೋಗಿ ಪೊಲೀಸ್ ಕೇಸು ಮುಂದೆ ಬರುತ್ತದೆ. ಮಕ್ಕಳು ಸಾಕ್ಷಿ ಹೇಳಲು ಠಾಣೆಗೆ ಹೋಗಬೇಕಾಗುತ್ತದೆ. ನನಗೆ ಇದು ಸ್ವಲ್ಪವೂ ಇಷ್ಟವಿಲ್ಲ.

ಇನ್ನು "ಕನ್ನಡ ಮೀಡಿಯಂ ಓದಿ ಏನು ಪ್ರಯೋಜನ" ಎಂದು ಬೆಂಗಳೂರಿನಿಂದಲೋ ದುಬೈಯಿಂದಲೋ ಫೋನ್ ಮಾಡಿ ಹೇಳುವ ನೆಂಟರಿಗೆ ಗಡಿನಾಡ ಕನ್ನಡಿಗ ಎಂಬ ಅರ್ಹತೆಯಲ್ಲಿ ಕಾಸರಗೋಡಿನ ಮಕ್ಕಳು ಕರ್ನಾಟಕದ ಸಿ.ಇ.ಟಿ. ಸೀಟಿಗೆ ಅರ್ಜಿ ಹಾಕಬಹುದು ಎಂಬುದನ್ನು ತಿಳಿಸಿ. ಅದಕ್ಕಾಗಿ ಹಳೆ ಮಾರ್ಕ್ಸ್‌ಕಾರ್ಡುಗಳನ್ನು ಜೋಪಾನ ಮಾಡಿ.

ಪ್ರಶ್ನೆ: ಮನೆಯಲ್ಲಿ ತುಳು ಮಾತಾಡುತ್ತೇವೆ. "ನಿಮ್ಮ ಮಾತೃಭಾಷೆ ಕನ್ನಡ ಅಲ್ಲ, ಕನ್ನಡ ಮಾಧ್ಯಮ ಕೇಳುವ ಹಕ್ಕಿಲ್ಲ" ಎಂದು ಒಬ್ಬರು ಹೇಳಿದರು. ನಿಜವೇ?

ಸುಳ್ಳು. ಮಗುವಿನ ಮಾತೃಭಾಷೆ ಯಾವುದೆಂದು ತೀರ್ಮಾನಿಸುವವರು ತಂದೆತಾಯಿ, ಸರಕಾರ ಅಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಆ ತೀರ್ಪು ಬಂದದ್ದು ಕರ್ನಾಟಕ ಸರಕಾರದ ಭಾಷಾ ನೀತಿಯ ವಿರುದ್ಧ. ಅದಕ್ಕೇ ನಮ್ಮಲ್ಲಿ ಎಷ್ಟೋ ಜನ ಅದನ್ನು ಬೈದರು. ಗಡಿ ದಾಟಿದರೆ ಅದೇ ತೀರ್ಪು ತುಳು, ಕೊಂಕಣಿ, ಬ್ಯಾರಿ, ಮರಾಟಿ ಮನೆಗಳ ಮಕ್ಕಳನ್ನು ಕನ್ನಡ ಶಾಲೆಯಲ್ಲಿ ಉಳಿಸುತ್ತದೆ.

ಪ್ರಶ್ನೆ: ಮಲಯಾಳ ಕಡ್ಡಾಯವಾಗಿ ಕಲಿಸುವುದೇ ಅನ್ಯಾಯ ಅಲ್ವಾ?

ಅಲ್ಲ. ರಾಜ್ಯದ ಭಾಷೆಯನ್ನು ಒಂದು ವಿಷಯವಾಗಿ ಕಲಿಸುವುದು ಬೇರೆ, ಎಲ್ಲ ವಿಷಯವನ್ನೂ ಆ ಭಾಷೆಯಲ್ಲಿ ಕಲಿಸುವುದು ಬೇರೆ. ಮೊದಲನೆಯದಕ್ಕೆ 2004ರಲ್ಲಿ ಮಹಾರಾಷ್ಟ್ರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟಿದೆ. ಮಗು ಮಲಯಾಳ ಕಲಿಯಲಿ, ಅದೇ ಊರಲ್ಲಿ ಬದುಕಬೇಕು.

ಪ್ರಶ್ನೆ: ಭಾಷಾ ಅಲ್ಪಸಂಖ್ಯಾತ ಸರ್ಟಿಫಿಕೇಟ್ ಮಾಡಿಸಿಕೊಟ್ಟರೆ ಸರಕಾರಿ ಕೆಲಸದಲ್ಲಿ ಮೀಸಲಾತಿ ಸಿಗುತ್ತದೆ ಎಂದು ಏಜೆಂಟ್ ಒಬ್ಬರು ದುಡ್ಡು ಕೇಳುತ್ತಿದ್ದಾರೆ.

ಭಾಷಾ ಅಲ್ಪಸಂಖ್ಯಾತರೆಂಬ ಕಾರಣಕ್ಕೆ ಸರಕಾರಿ ಕೆಲಸದಲ್ಲಿ ಮೀಸಲಾತಿ ಇಲ್ಲ. ಒಂದು ಪೈಸೆ ಕೊಡಬೇಡಿ. ಕೊಟ್ಟಿದ್ದರೆ ಪೊಲೀಸರಿಗೆ ದೂರು ಕೊಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ಮುಂಗಡ ಕೊಡುವ ಹಂತದಲ್ಲಿ ಹೆಸರು ಕೇಳಿ "ಮುಸ್ಲಿಮರಿಗೆ ಮನೆ ಕೊಡುವುದಿಲ್ಲ" ಅಂದರು. ಕೇಸ್ ಹಾಕಬಹುದೇ?

ಈ ಪ್ರಶ್ನೆಗೆ ಉತ್ತರ ಬರೆಯಲು ಸಂಕಟವಾಗುತ್ತದೆ. ಸಂವಿಧಾನದ 15ನೇ ವಿಧಿಯ ಮೊದಲ ಭಾಗ ಸರಕಾರವನ್ನು ಮಾತ್ರ ಕಟ್ಟಿಹಾಕುತ್ತದೆ. ಎರಡನೇ ಭಾಗ ಅಂಗಡಿ, ಹೋಟೆಲ್, ಮನರಂಜನೆಯ ಜಾಗಗಳಿಗೆ ಖಾಸಗಿಯವರಿಗೂ ಅನ್ವಯಿಸುತ್ತದೆ. ಅಲ್ಲಿ ಬಾಡಿಗೆ ಮನೆಯ ಮಾತಿಲ್ಲ. 2005ರಲ್ಲಿ ಅಹಮದಾಬಾದಿನ ಪಾರ್ಸಿ ಹೌಸಿಂಗ್ ಸೊಸೈಟಿಯೊಂದು ತನ್ನವರಿಗೆ ಮಾತ್ರ ಸದಸ್ಯತ್ವ ಎಂದು ಬರೆದುಕೊಂಡ ನಿಯಮವನ್ನೂ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಕೇಸ್ ಗೆಲ್ಲುತ್ತೀರಿ ಎಂದು ಹೇಳುವ ವಕೀಲರನ್ನು ನಂಬಬೇಡಿ. ಮುಂಗಡ ಕೊಟ್ಟಿದ್ದು ವಾಪಸ್ ಬಾರದಿದ್ದರೆ ಅದಕ್ಕೆ ಹಣ ವಸೂಲಿಯ ದಾರಿ ಇದೆ. ಬೇರೆ ಹೆಸರಿನಲ್ಲಿ ಕರಾರು ಮಾಡಿಕೊಳ್ಳಿ ಎಂದು ಬ್ರೋಕರ್ ಹೇಳಿದರೆ ಒಪ್ಪಬೇಡಿ, ಅದು ನಿಮ್ಮ ಕೊರಳಿಗೇ ಬರುತ್ತದೆ. ಬಾಡಿಗೆಯಲ್ಲಿ ಧರ್ಮ ನೋಡುವುದನ್ನು ತಡೆಯುವ ಕಾನೂನು ಈ ದೇಶಕ್ಕೆ ಬೇಕು, ನಿಮ್ಮ ಶಾಸಕರನ್ನು ಕೇಳಿ.

ಪ್ರಶ್ನೆ: ಕಾಸರಗೋಡಿನ ಕನ್ನಡಿಗರ ಬಗ್ಗೆ ಬರೆಯುತ್ತೀರಿ, ಸರಿ. ಬೆಳಗಾವಿಯ ಮರಾಠಿಗರು ಮರಾಠಿಯಲ್ಲಿ ಕಾಗದಪತ್ರ ಕೇಳಿದರೆ ಯಾಕೆ ಕೊಡಬೇಕು? ಅವರು ಕರ್ನಾಟಕವನ್ನೇ ಒಪ್ಪುವುದಿಲ್ಲ.

ಈ ಪ್ರಶ್ನೆ ಬಂದಷ್ಟು ಸಲ ಬೇಸರವಾಗುತ್ತದೆ. ಒಂದು ಜಿಲ್ಲೆಯಲ್ಲೋ ತಾಲೂಕಿನಲ್ಲೋ ಶೇ 15ಕ್ಕಿಂತ ಜಾಸ್ತಿ ಜನ ಒಂದು ಭಾಷೆಯವರಿದ್ದರೆ ಮುಖ್ಯ ಸರಕಾರಿ ಸೂಚನೆಗಳನ್ನು ಆ ಭಾಷೆಯಲ್ಲೂ ಕೊಡಬೇಕು ಎಂಬುದು ದೇಶಕ್ಕೆಲ್ಲ ಒಪ್ಪಿದ ಭರವಸೆ. ಬೆಳಗಾವಿ ಜಿಲ್ಲೆಯಲ್ಲಿ ಮರಾಠಿಯವರು ಆ ಪ್ರಮಾಣ ದಾಟುತ್ತಾರೆ. ರಾಜಕೀಯ ಪಕ್ಷವೊಂದರ ಗಡಿ ಬೇಡಿಕೆಗೂ ಅಜ್ಜಿಯೊಬ್ಬಳು ಪಿಂಚಣಿ ಅರ್ಜಿಯನ್ನು ತನಗೆ ಓದಲು ಬರುವ ಭಾಷೆಯಲ್ಲಿ ಕೇಳುವುದಕ್ಕೂ ಗಂಟು ಹಾಕಬೇಡಿ. ಮಂಜೇಶ್ವರದಲ್ಲಿ ನಮಗೆ ಬೇಕೆಂದು ಕೋರ್ಟಿನಲ್ಲಿ ಕೇಳುವುದನ್ನು ಬೆಳಗಾವಿಯಲ್ಲಿ ಕೊಡುವುದಿಲ್ಲ ಎಂದರೆ ಎದುರು ಪಕ್ಷದ ವಕೀಲರು ಅದನ್ನೇ ನ್ಯಾಯಾಧೀಶರ ಮುಂದೆ ಹಿಡಿಯುತ್ತಾರೆ.

ಪ್ರಶ್ನೆ: ಮಹಾಜನ ವರದಿ ಜಾರಿಯಾದರೆ ಇದೆಲ್ಲ ತಾನಾಗಿ ಸರಿಹೋಗುತ್ತದೆ ಅಲ್ವಾ?

ರಾಜ್ಯಗಳ ಗಡಿ ವಿವಾದದ ಬಗ್ಗೆ ಮಹಾಜನ ಆಯೋಗದ ಈ ವರದಿ ಬಂದದ್ದು 1967ರಲ್ಲಿ. ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದಿತ್ತು, ಇವತ್ತಿಗೂ ಸೇರಿಲ್ಲ. ಆ ಹೋರಾಟ ಮಾಡುವವರು ಮಾಡಲಿ, ನನಗೂ ಗೌರವವಿದೆ. ನಿಮ್ಮ ಮಗುವಿನ ಹತ್ತನೇ ಕ್ಲಾಸ್ ಪರೀಕ್ಷೆ ಮಾರ್ಚಿನಲ್ಲಿದೆ. ಡಿ.ಇ.ಓ. ಕಚೇರಿಗೆ ಈ ವಾರವೇ ಹೋಗಿ.