ಗಣಕ ಪ್ರಶ್ನೋತ್ತರ: ಬೆಳಿಗ್ಗೆ ಮಾತ್ರ ಹ್ಯಾಂಗ್ ಆಗುವ ಕಂಪ್ಯೂಟರ್

ಪ್ರಶ್ನೆ: ನಮ್ಮ ಜೆರಾಕ್ಸ್ ಅಂಗಡಿಯಲ್ಲಿ ವಿಂಡೋಸ್ 10 ಇರುವ ಹಳೆಯ ಡೆಸ್ಕ್‌ಟಾಪ್ ಇದೆ, ಅದರಲ್ಲಿರುವುದು ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ ಅಲ್ಲ. ಬೆಳಿಗ್ಗೆ ಆನ್ ಮಾಡಿದರೆ ವಿಂಡೋಸ್ ಚಿಹ್ನೆಯ ಕೆಳಗೆ ಚುಕ್ಕಿಗಳು ಸುತ್ತುತ್ತಲೇ ಇದ್ದು, ಮುಂದಕ್ಕೆ ಹೋಗುವುದಿಲ್ಲ. ಪವರ್ ಬಟನ್ ಒತ್ತಿ ಹಿಡಿದು ಆರಿಸಿ ಮತ್ತೆ ಹಾಕಿದರೆ ಸರಿಯಾಗಿ ತೆರೆದುಕೊಳ್ಳುತ್ತದೆ. ಹಗಲಿನಲ್ಲಿ ರೀಸ್ಟಾರ್ಟ್ ಮಾಡಿದಾಗ ತೊಂದರೆಯೇ ಇಲ್ಲ. ರಿಪೇರಿಯವರು ಡಿಸ್ಕ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವ ಫಾರ್ಮ್ಯಾಟ್ ಮಾಡಲೇಬೇಕು ಎನ್ನುತ್ತಾರೆ. ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಗ್ರಾಹಕರ ಪತ್ರಗಳೆಲ್ಲ ಅದರಲ್ಲಿವೆ. ಬೇರೆ ದಾರಿ ಇದೆಯೇ?
– ಓದುಗರೊಬ್ಬರು, ಶಿರಸಿ

ಉತ್ತರ: ಫಾರ್ಮ್ಯಾಟ್‌ಗೆ ಅವಸರ ಮಾಡಬೇಡಿ. ಶಟ್‌ಡೌನ್ ಮಾಡಿ ಮರುದಿನ ಆನ್ ಮಾಡಿದಾಗ ತೊಂದರೆ, ರೀಸ್ಟಾರ್ಟ್‌ನಲ್ಲಿ ಇಲ್ಲ ಎಂದು ನೀವು ಬರೆದಿರುವುದೇ ಮುಖ್ಯವಾದ ಸುಳಿವು. ಇವೆರಡೂ ಒಂದೇ ಎಂದು ಬಹಳ ಜನ ತಿಳಿದಿದ್ದಾರೆ. ಆದರೆ 2012ರಲ್ಲಿ ವಿಂಡೋಸ್ 8ರೊಂದಿಗೆ ಬಂದ ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯ ಚಾಲೂ ಇದ್ದರೆ, ಶಟ್‌ಡೌನ್ ಕೊಟ್ಟಾಗ ನಾವು ತೆರೆದ ಪ್ರೋಗ್ರಾಂಗಳು ಮುಚ್ಚಿಕೊಂಡರೂ, ವಿಂಡೋಸ್‌ನ ತಿರುಳು ಮತ್ತು ಪ್ರಿಂಟರ್‌ನಂಥ ಸಾಧನಗಳನ್ನು ನಡೆಸುವ ಡ್ರೈವರ್ ತಂತ್ರಾಂಶಗಳು ಆ ಹೊತ್ತಿಗೆ ಹೇಗಿದ್ದವೋ ಹಾಗೆಯೇ ಡಿಸ್ಕ್‌ನ ಒಂದು ಕಡತದಲ್ಲಿ ಉಳಿದು, ಮರುದಿನ ಅಲ್ಲಿಂದಲೇ ಮೆಮೊರಿಗೆ ಮರಳುತ್ತವೆ. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ಶುರುಮಾಡುತ್ತದೆ. ಹಳೆಯ ಗ್ರಾಫಿಕ್ಸ್ ಡ್ರೈವರೋ ಪ್ರಿಂಟರ್ ಡ್ರೈವರೋ ಹೀಗೆ ಮರಳುವಾಗ ಎಡವಿದರೆ ನೀವು ಕಾಣುತ್ತಿರುವಂತೆಯೇ ಆಗುತ್ತದೆ.

ಇದಕ್ಕೆ ನಮ್ಮ ಅಂಗಡಿಗಳ ಒಂದು ಅಭ್ಯಾಸವೂ ಸೇರಿಕೊಳ್ಳುತ್ತದೆ. ಪರದೆ ಕಪ್ಪಾದ ಕೂಡಲೇ ಗೋಡೆಯ ಸ್ವಿಚ್ ಆರಿಸಿ ಷಟರ್ ಎಳೆಯುವವರೇ ಹೆಚ್ಚು. ಪರದೆ ಆರಿದ ಮೇಲೂ ಡಿಸ್ಕ್ ಆ ಕಡತವನ್ನು ಬರೆಯುತ್ತಿರಬಹುದಾದ್ದರಿಂದ, ಪೆಟ್ಟಿಗೆಯ ದೀಪ ಆರಿ ಫ್ಯಾನ್ ನಿಂತ ಬಳಿಕವೇ ಸ್ವಿಚ್ಚಿಗೆ ಕೈ ಹಾಕಿ.

ಮೊದಲು ಮಾಡಬೇಕಾದದ್ದು ಇಷ್ಟು: ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್ ತೆರೆದು, ಪವರ್ ಬಟನ್ ಏನು ಮಾಡಬೇಕೆಂದು ಆರಿಸುವ ಎಡಬದಿಯ ಸಾಲನ್ನು ಒತ್ತಿ, ಸದ್ಯ ಮಸುಕಾಗಿರುವ ಸೆಟ್ಟಿಂಗ್‌ಗಳನ್ನು ಬದಲಿಸಲು ಮೇಲಿರುವ ಕೊಂಡಿಯನ್ನು ಒತ್ತಿದ ಮೇಲೆ, ‘ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್’ ಎಂಬುದರ ಮುಂದಿನ ಟಿಕ್ ತೆಗೆದು ಸೇವ್ ಮಾಡಿ. ಇನ್ನು ಮುಂದೆ ಕಂಪ್ಯೂಟರ್ ತೆರೆಯಲು ತುಸು ಹೆಚ್ಚು ಹೊತ್ತು ಹಿಡಿಯುತ್ತದೆ, ಅದು ದೋಷವಲ್ಲ. ಒಂದು ವಾರ ಹೀಗೆ ನಡೆಸಿ ನೋಡಿ.

ಆಮೇಲೂ ನಿಂತರೆ ಅನುಮಾನ ಹಾರ್ಡ್ ಡಿಸ್ಕ್‌ನ ಕಡೆಗೆ ತಿರುಗಬೇಕು, ಮತ್ತು ಆಗ ಕೆಲಸಗಳ ಅನುಕ್ರಮವೇ ಮುಖ್ಯವಾಗುತ್ತದೆ. ಯಾವ ಪರೀಕ್ಷೆಗೂ ಮೊದಲು ಪತ್ರಗಳನ್ನೆಲ್ಲ ಹೊರಗಿನ ಡಿಸ್ಕ್‌ಗೆ ನಕಲು ಮಾಡಿಕೊಳ್ಳಿ. ನಂತರ ‘ಕ್ರಿಸ್ಟಲ್ ಡಿಸ್ಕ್ ಇನ್ಫೋ’ ಎಂಬ ಉಚಿತ ತಂತ್ರಾಂಶದಲ್ಲಿ ಡಿಸ್ಕ್‌ನ ಆರೋಗ್ಯ ನೋಡಿ. ಅದು ‘ಕಾಷನ್’ ಅಥವಾ ‘ಬ್ಯಾಡ್’ ಎಂದು ತೋರಿಸಿದರೆ ಡಿಸ್ಕ್ ಬದಲಿಸಿ. ‘ಗುಡ್’ ಎಂದಿದ್ದರೆ ಮಾತ್ರ ವಿಂಡೋಸ್‌ನಲ್ಲೇ ಇರುವ ಚೆಕ್ ಡಿಸ್ಕ್ ಪರೀಕ್ಷೆ ಓಡಿಸಿ, ಕರೆಂಟ್ ಹೋದಾಗ ಕಡತ ವ್ಯವಸ್ಥೆಯಲ್ಲಿ ಆಗಿರಬಹುದಾದ ತಪ್ಪುಗಳನ್ನು ಸರಿಪಡಿಸಿಕೊಳ್ಳಿ. ಸಾಯುತ್ತಿರುವ ಡಿಸ್ಕ್‌ನ ಮೇಲೆ ಚೆಕ್ ಡಿಸ್ಕ್ ಓಡಿಸುವುದೆಂದರೆ ಅದಕ್ಕೆ ಕೊನೆಯ ಹೊರೆ ಹೊರಿಸಿದಂತೆ. ಕೀಬೋರ್ಡ್ ಮತ್ತು ಮೌಸ್ ಬಿಟ್ಟು ಪ್ರಿಂಟರ್, ಸ್ಕ್ಯಾನರ್, ಪೆನ್‌ಡ್ರೈವ್ ಎಲ್ಲವನ್ನೂ ಕಿತ್ತು ಒಂದು ಬೆಳಿಗ್ಗೆ ಆನ್ ಮಾಡಿ ನೋಡುವುದೂ ಒಳ್ಳೆಯದು.

ವಿಂಡೋಸ್ ಚಿಹ್ನೆಗೂ ಮುನ್ನ, ಸುತ್ತುವ ಚುಕ್ಕಿಗಳೂ ಕಾಣಿಸದೆ ತಯಾರಕರ ಲೋಗೋದಲ್ಲಿಯೇ ನಿಲ್ಲುವ ಯಂತ್ರಗಳ ಕಥೆ ಬೇರೆ. ಅಲ್ಲಿ ವಿಂಡೋಸ್ ಇನ್ನೂ ಶುರುವಾಗಿರುವುದೇ ಇಲ್ಲವಾದ್ದರಿಂದ ಫಾರ್ಮ್ಯಾಟ್‌ನ ಮಾತಿಗೆ ಅರ್ಥವಿಲ್ಲ. ಸಡಿಲವಾದ ರ‍್ಯಾಮ್, ಕೇಬಲ್ ಅಥವಾ ಡಿಸ್ಕ್ ಅನ್ನು ನೋಡಬೇಕು.

ಒಂದು ವೇಳೆ ಫಾರ್ಮ್ಯಾಟ್ ಅನಿವಾರ್ಯವಾದರೆ, ಹಳೆಯ ಡಿಸ್ಕ್ ಅನ್ನು ಮುಟ್ಟದೆ ಬಿಚ್ಚಿಟ್ಟು, ಹೊಸ ಎಸ್‌ಎಸ್‌ಡಿಯಲ್ಲಿ ವಿಂಡೋಸ್ ಹಾಕಿಸಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ನಿಮ್ಮ ಯಂತ್ರ 11ಕ್ಕೆ ಒಗ್ಗುತ್ತದೆಯೇ ಎಂದು ಅದೇ ಸಮಯಕ್ಕೆ ವಿಚಾರಿಸಿ. ನುಡಿಯನ್ನೂ ಅದರ ಫಾಂಟ್‌ಗಳನ್ನೂ ಮರೆಯದೆ ಹಾಕಿಸಿ. ಇಲ್ಲವಾದರೆ ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ಯೂನಿಕೋಡ್ ಸಂಕೇತದಲ್ಲಿರದ ಹಳೆಯ ಪತ್ರಗಳು ಅರ್ಥವಿಲ್ಲದ ಅಕ್ಷರಗಳಾಗಿ ಕಂಡು, ಕಡತವೇ ಹಾಳಾಯಿತೆಂದು ಗಾಬರಿಯಾಗುತ್ತದೆ.

ಪ್ರಶ್ನೆ: ಸ್ಟಾರ್ಟ್ ಆಗುವಾಗ ನಿಲ್ಲುತ್ತಿದ್ದ ಲ್ಯಾಪ್‌ಟಾಪ್ ಅನ್ನು ಅಗತ್ಯದ ಭಾಗಗಳಷ್ಟೇ ಚಾಲೂ ಆಗುವ ಸೇಫ್ ಮೋಡ್‌ಗೆ ಒಯ್ಯಲು ಹೋದರೆ, ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀ ಕೇಳುತ್ತಿದೆ. ನಾನು ಅಂಥದ್ದನ್ನು ಇಟ್ಟೇ ಇಲ್ಲ.
– ಓದುಗರೊಬ್ಬರು, ಹಾಸನ

ಉತ್ತರ: ನೀವು ಇಡದಿದ್ದರೂ, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಬದಲಾಗಿರುತ್ತದೆ. ಫೋನಿನಿಂದ ಅದೇ ಖಾತೆಗೆ ಲಾಗಿನ್ ಆಗಿ, ನಿಮ್ಮ ಸಾಧನಗಳ ಪಟ್ಟಿಯಲ್ಲಿ ರಿಕವರಿ ಕೀ ನೋಡಿ. ಅದು 48 ಅಂಕಿಗಳ ಸಂಖ್ಯೆ. ಆಫೀಸಿನ ಲ್ಯಾಪ್‌ಟಾಪ್ ಆಗಿದ್ದರೆ ಅಲ್ಲಿನ ಐಟಿ ವಿಭಾಗದವರನ್ನು ಕೇಳಿ. ಕೀ ಸಿಗುವವರೆಗೆ ಯಾರು ಹೇಳಿದರೂ ಕಡತಗಳನ್ನು ಅಳಿಸಿಬಿಡಬಹುದಾದ ರೀಸೆಟ್‌ಗೆ ಒಪ್ಪಬೇಡಿ.