ಗಣಿತ ಬಿಟ್ಟು ಓಡಿಹೋಗ್ತಿದ್ದೀನಾ?

ಪ್ರಶ್ನೆ: ಗಣಿತದಲ್ಲಿ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್ ಟೊಪಾಲಜಿಯಲ್ಲಿ. ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಪಿಎಚ್.ಡಿ. ಮಾಡುವಾಸೆ. ಆದರೆ ಓದಿರುವುದು ಪ್ರಾಬಬಿಲಿಟಿಯ ಒಂದೇ ಪೇಪರ್. ನನ್ನ ಅರ್ಜಿಯನ್ನು ಯಾರು ನೋಡ್ತಾರೆ? ಗೈಡ್‌ಗೂ ಹೇಳಿಲ್ಲ, ಬೇಜಾರು ಮಾಡಿಕೊಂಡಾರು ಅಂತ ಭಯ. ಗಣಿತ ಕೈಲಾಗದೆ ಓಡಿಹೋಗುತ್ತಿದ್ದೇನಾ ಅಂತಲೂ ಅನ್ನಿಸುತ್ತೆ.
– ಹೆಸರು ಬೇಡ

ಉತ್ತರ: ಮೊದಲು ಅರ್ಜಿಯ ಭಯ. ಅದು ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಸ್ಟ್ಯಾಟಿಸ್ಟಿಕ್ಸ್ ವಿಭಾಗದವರು ಮೊದಲು ಹುಡುಕುವುದೇ ರಿಯಲ್ ಅನಾಲಿಸಿಸ್, ಲೀನಿಯರ್ ಆಲ್ಜೀಬ್ರಾ, ಪ್ರಾಬಬಿಲಿಟಿಯಲ್ಲಿ ಒಳ್ಳೆ ಅಂಕ. ಪ್ರಾಬಬಿಲಿಟಿಗೆ ಅಡಿಪಾಯವಾದ ಮೆಷರ್ ಥಿಯರಿ ಓದಿದ್ದರೆ ಇನ್ನೂ ಒಳ್ಳೆಯದು. ಇನ್ಫರೆನ್ಸ್, ಅಂದರೆ ಸಿಕ್ಕ ಡೇಟಾದಿಂದ ಇಡೀ ಗುಂಪಿನ ಬಗ್ಗೆ ತೀರ್ಮಾನಕ್ಕೆ ಬರುವುದನ್ನು, ಕಲಿಯುವಾಗ ಎದುರಾಗುವ ರಾವ್–ಬ್ಲ್ಯಾಕ್‌ವೆಲ್ ಪ್ರಮೇಯವನ್ನೇ ನೋಡಿ. ಆ ಹೆಸರಿನ ಇಬ್ಬರೂ ಗಣಿತದಿಂದ ಬಂದವರೇ. ಸಿ.ಆರ್. ರಾವ್ ಮೊದಲು ಓದಿದ್ದು ಗಣಿತದ ಎಂ.ಎ. ಡೇವಿಡ್ ಬ್ಲ್ಯಾಕ್‌ವೆಲ್ 1941ರಲ್ಲಿ ಪಿಎಚ್.ಡಿ. ಪಡೆದದ್ದೂ ಗಣಿತದಲ್ಲೇ.

ವಿಭಾಗದವರಿಗೆ ನಿಮ್ಮ ಮೇಲೆ ಬರುವ ಅನುಮಾನ ಬೇರೆ: ಸ್ಟ್ಯಾಟಿಸ್ಟಿಕ್ಸ್ ಅಂದರೆ ಏನು ಅಂತ ಈ ವಿದ್ಯಾರ್ಥಿಗೆ ಗೊತ್ತಾ? ಓಡಿಹೋಗುತ್ತಿದ್ದೀರಾ ಅನ್ನುವ ನಿಮ್ಮ ಪ್ರಶ್ನೆಗೂ ಉತ್ತರ ಸಿಗುವುದು ಅಲ್ಲೇ. ಯೋಚನೆ ಮಾಡ್ತಾ ಕೂತರೆ ಅದು ತಿಳಿಯುವುದಿಲ್ಲ. ಒಂದು ನಿಜವಾದ ಡೇಟಾ ತೆಗೆದುಕೊಂಡು ಕೂತುಕೊಳ್ಳಿ. ಪ್ರೋಗ್ರಾಮಿಂಗ್ ಭಾಷೆ ಆರ್ (R) ಅಥವಾ ಪೈಥಾನ್, ಯಾವುದಾದರೂ ಸರಿ.

ಏನಾಗುತ್ತೆ ಹೇಳ್ತೀನಿ. ಹತ್ತು ಜನರ ವಯಸ್ಸಿನ ಕಾಲಂ ಇದೆ ಅಂದುಕೊಳ್ಳಿ. ಒಂಬತ್ತು ಜನಕ್ಕೆ 30. ಹತ್ತನೆಯವರ ವಯಸ್ಸು ಗೊತ್ತಿಲ್ಲ ಅಂತ ಯಾರೋ 999 ಹಾಕಿದ್ದಾರೆ. ಸರಾಸರಿ 126.9 ಬರುತ್ತೆ, ಮೀಡಿಯನ್ (ಸಾಲಾಗಿ ಜೋಡಿಸಿದಾಗ ನಡುವೆ ಬರುವ ಬೆಲೆ) 30ರಲ್ಲೇ ನಿಲ್ಲುತ್ತೆ. 999 ತೆಗೆದುಹಾಕುವುದು ಸುಲಭ. ಆದರೆ ಆ ವಯಸ್ಸು ಯಾಕೆ ಸಿಗಲಿಲ್ಲ? ವಯಸ್ಸಾದವರೇ ಹೇಳದೆ ಉಳಿದರಾ? ಹಾಗಾದರೆ ಉಳಿದ ಒಂಬತ್ತರ ಸರಾಸರಿಯನ್ನೂ ನಂಬುವ ಹಾಗಿಲ್ಲ. ಪ್ರಮೇಯದಲ್ಲಿ ಷರತ್ತುಗಳನ್ನು ಮೊದಲೇ ಕೊಟ್ಟಿರುತ್ತಾರೆ. ಇಲ್ಲಿ ಷರತ್ತು ನಿಜವಾ ಅಂತ ನೀವೇ ಹೋಗಿ ಕೇಳಬೇಕು. ಈ ಕೇಳುವ ಕೆಲಸ ನಿಮಗೆ ರುಚಿಸಿದರೆ ನೀವು ಓಡಿಹೋಗುತ್ತಿಲ್ಲ, ಇಷ್ಟಪಟ್ಟು ಹೋಗುತ್ತಿದ್ದೀರಿ. ಕಿರಿಕಿರಿ ಅನ್ನಿಸಿದರೆ ಪ್ರಾಬಬಿಲಿಟಿ ಥಿಯರಿ ಕಡೆ ನೋಡಿ. ಅದಕ್ಕೂ ಜಾಗ ಇರುವ ವಿಭಾಗಗಳಿವೆ.

ಅರ್ಜಿಯ ಜೊತೆ ಕೊಡುವ ಬರಹದಲ್ಲಿ ಇದನ್ನೇ ಬರೆಯಿರಿ. ‘ಚಿಕ್ಕಂದಿನಿಂದ ಅಂಕಿಗಳೆಂದರೆ ಇಷ್ಟ’ ಅನ್ನೋದು ಬೇಡ. ಯಾವ ಡೇಟಾ, ಎಲ್ಲಿ ಸಿಕ್ಕಿಹಾಕಿಕೊಂಡಿರಿ, ಆಮೇಲೆ ಏನು ಓದಿದಿರಿ, ಅಷ್ಟು ಸಾಕು.

ಇನ್ನು ಗೈಡ್ ವಿಷಯ. ನಿಮಗೆ ಬೇಕಾದ ಅತ್ಯಂತ ಗಟ್ಟಿಯಾದ ಶಿಫಾರಸು ಪತ್ರ ಅವರ ಹತ್ತಿರವೇ ಇದೆ. ಬರೀ ಅಂಕ ನೋಡಿದ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು ಎರಡು ಸಾಲು ಬರೆಯಬಹುದು. ನಿಮ್ಮ ಪ್ರೂಫ್ ಮುರಿದುಬಿದ್ದ ದಿನ ನೀವು ಏನು ಮಾಡಿದಿರಿ ಅಂತ ಗೊತ್ತಿರುವುದು ಗೈಡ್‌ಗೆ ಮಾತ್ರ, ಅಲ್ವಾ? ಅವರಿಗೆ ಒಂದೆರಡು ದಿನ ಬೇಜಾರಾಗಬಹುದು. ಬೇರೆಯವರ ಬಾಯಿಂದ ಗೊತ್ತಾದರೆ ಅದಕ್ಕಿಂತ ಜಾಸ್ತಿ ನೋವಾಗುತ್ತೆ. ಈ ವಾರವೇ ಹೋಗಿ ಮಾತಾಡಿ. ಪತ್ರ ಬರೆಯಲು ಅವರಿಗೂ ಒಂದು ತಿಂಗಳಾದರೂ ಬೇಕು.